ಬಾಗಿಲಲ್ಲಿ ನಿಲ್ಲುವ ಮೊದಲು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬರೀ ಶಾಲೆ, ರಸ್ತೆ, ನೀರಿನ ವರದಿ ಬರೆದು ಸಾಕಾಗಿದೆ, ದೊಡ್ಡ ಸುದ್ದಿ ಒಂದೂ ಸಿಗ್ತಿಲ್ಲ, ಕೆಲಸ ಬಿಡ್ತೀನಿ ಅಂತ ಬರೆದಿದ್ದೀಯ. ಓದಿದಾಗ ನನಗೆ ಅಮೆರಿಕದ ಪತ್ರಕರ್ತೆ ಹೊವೀತಾ ಇದಾರ್ ನೆನಪಾದಳು.

ಆಕೆ 1885ರಲ್ಲಿ ಟೆಕ್ಸಾಸ್‌ನ ಲರೇಡೊದಲ್ಲಿ ಹುಟ್ಟಿದಳು. ನದಿ ದಾಟಿದರೆ ಮೆಕ್ಸಿಕೊ. 1903ರಲ್ಲಿ ಟೀಚರ್ ಸರ್ಟಿಫಿಕೇಟ್ ಪಡೆದು ಹಳ್ಳಿ ಶಾಲೆಗೆ ಹೋದಳು. ಅಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪುಸ್ತಕ ಸಾಲದು, ಕೂರಲು ಬೆಂಚೂ ಸಾಲದು. ಬೇಸತ್ತು ಬಿಟ್ಟಳು. ಅಪ್ಪ ನಿಕಾಸಿಯೊ ಲರೇಡೊದಲ್ಲಿ ‘ಲಾ ಕ್ರೋನಿಕಾ’ ಎಂಬ ಸ್ಪ್ಯಾನಿಷ್ ವಾರಪತ್ರಿಕೆ ನಡೆಸುತ್ತಿದ್ದರು. ಅಣ್ಣತಮ್ಮಂದಿರ ಜೊತೆ ಆಕೆಯೂ ಅಲ್ಲಿ ಬರೆಯತೊಡಗಿದಳು.

ಆಕೆಯ ಬಗ್ಗೆ ಎಲ್ಲರೂ ಹೇಳುವುದು 1914ರ ಘಟನೆ. ಆಗ ಆಕೆ ‘ಎಲ್ ಪ್ರೊಗ್ರೆಸೊ’ ಎಂಬ ಇನ್ನೊಂದು ಪತ್ರಿಕೆಯಲ್ಲಿದ್ದಳು. ಅಮೆರಿಕದ ಅಧ್ಯಕ್ಷ ವಿಲ್ಸನ್ ಮೆಕ್ಸಿಕೊ ಗಡಿಗೆ ಸೇನೆ ಕಳಿಸಿದ್ದನ್ನು ಪತ್ರಿಕೆ ಟೀಕಿಸಿತು. ಪ್ರೆಸ್ ಮುಚ್ಚಿಸಲು ಟೆಕ್ಸಾಸ್ ರೇಂಜರ್ಸ್ ಎಂಬ ರಾಜ್ಯದ ಪೊಲೀಸ್ ಪಡೆಯವರು ಬಂದರು. ಹೊವೀತಾ ಬಾಗಿಲಿಗೆ ಅಡ್ಡ ನಿಂತಳು, ಬಿಡಲೇ ಇಲ್ಲ. ವಾಪಸ್ ಹೋದವರು, ಆಕೆ ಇಲ್ಲದ ಹೊತ್ತಲ್ಲಿ ಬಂದು ಯಂತ್ರಗಳನ್ನು ಒಡೆದುಹಾಕಿದರು.

ಆ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ನೀನು ನೋಡಬೇಕಾದದ್ದು ಅದಕ್ಕೂ ಮೂರ್ನಾಲ್ಕು ವರ್ಷ ಹಿಂದಿನದು ಅಂತ ನನಗನ್ನಿಸುತ್ತೆ. 1910ರಲ್ಲಿ ಟೆಕ್ಸಾಸ್‌ನ ರಾಕ್‌ಸ್ಪ್ರಿಂಗ್ಸ್‌ನಲ್ಲಿ ಜನರ ಗುಂಪು ಆಂಟೋನಿಯೊ ರೊಡ್ರಿಗೆಸ್ ಎಂಬ ಇಪ್ಪತ್ತರ ಮೆಕ್ಸಿಕನ್ ಹುಡುಗನನ್ನು ಜೀವಂತ ಸುಟ್ಟಿತು. ‘ಲಾ ಕ್ರೋನಿಕಾ’ ಇಂಥ ಕೊಲೆಗಳ ವಿರುದ್ಧ ಗಟ್ಟಿಯಾಗಿ ಬರೆಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಮೆಕ್ಸಿಕನ್ ಮೂಲದ ಮಕ್ಕಳನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತಿಲ್ಲ, ಜಮೀನು ಹೇಗೆ ಕೈತಪ್ಪುತ್ತಿದೆ, ಮನೆಮಾತು ಹೇಗೆ ಮರೆಯಾಗುತ್ತಿದೆ, ಇವನ್ನೇ ಮತ್ತೆ ಮತ್ತೆ ಬರೆಯಿತು. ಓದುಗರಿಗೆ ಬೇಜಾರಾಗಬಹುದು ಅಂತ ಬಿಡಲಿಲ್ಲ. ಆ ಬರಹಗಳ ಬೆನ್ನಿಗೇ, 1911ರ ಸೆಪ್ಟೆಂಬರಿನಲ್ಲಿ, ಇದಾರ್ ಕುಟುಂಬ ಲರೇಡೊದಲ್ಲಿ ಮೆಕ್ಸಿಕನ್ ಮೂಲದವರ ಮೊದಲ ಸಮಾವೇಶ ಕರೆಯಿತು. ಮರುತಿಂಗಳೇ ಹೆಂಗಸರ ಸಂಘ ಹುಟ್ಟಿತು, ಹೊವೀತಾ ಅದರ ಮೊದಲ ಅಧ್ಯಕ್ಷೆ. ಅವರು ಕೈಗೆತ್ತಿಕೊಂಡದ್ದು ಏನು ಗೊತ್ತಾ? ಬಡ ಮಕ್ಕಳಿಗೆ ಉಚಿತ ಪಾಠ.

ಮುಂದೆ ಸ್ಯಾನ್ ಆಂಟೋನಿಯೊದಲ್ಲೂ ಆಕೆ ಪುಟ್ಟ ಮಕ್ಕಳಿಗೆ ಉಚಿತ ಶಾಲೆ ನಡೆಸಿದಳು. ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ಮಾತ್ರ ಬಲ್ಲ ರೋಗಿಗಳಿಗೆ ದುಭಾಷಿಯಾದಳು.

ಈಗ ನಿನ್ನ ವಿಷಯ. ನೀನು ಕಳಿಸಿದ ಶಾಲೆ ವರದಿ ಓದಿದೆ. ಎಷ್ಟು ಮಕ್ಕಳಿಗೆ ಪುಸ್ತಕ ಬಂದಿಲ್ಲ ಅನ್ನೋದೇ ಅದರಲ್ಲಿಲ್ಲ, ಬರೀ ಅಧಿಕಾರಿ ಹೇಳಿದ್ದಿದೆ. ಇನ್ನೊಮ್ಮೆ ಹೋಗು. ಮಕ್ಕಳ ತಾಯಂದಿರ ಹತ್ರ ಕೂತು ಮಾತಾಡು. ಅಚ್ಚಾದ ಮೇಲೆ ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ, ಪುಸ್ತಕ ಬಂತಾ ನೋಡಿ, ಅದನ್ನೂ ಬರೆ. ಕೆಲಸ ಬಿಡೋ ಮಾತು ಆಮೇಲೆ ಆಡೋಣ.

ಇಂತಿ,
ನಿನ್ನ ದೊಡ್ಡಪ್ಪ