ಕೆರೆ ನಕ್ಷೆ: ಕೊಟ್ಟರೂ ಕೊಡದಂತೆ

ಮಾನ್ಯ ಸಂಪಾದಕರೇ,

ನಮ್ಮ ಕೆರೆಯ ನಕ್ಷೆಯನ್ನು ಇನ್ನು ಯಾರು ಬೇಕಾದರೂ ಸರ್ಕಾರಿ ಜಾಲತಾಣದಿಂದ ಇಳಿಸಿಕೊಳ್ಳಬಹುದು ಎಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ವರದಿ ಬಂತು. ಅಧಿಕಾರಿಗಳ ಮಾತನ್ನು ಹಾಗೆಯೇ ಅಚ್ಚು ಹಾಕಿದಿರಿ. ಇಳಿಸಿಕೊಂಡು ನೋಡಿದಿರಾ? ನಾನು ನೋಡಿದೆ. ನಿನ್ನೆ ಸಂಜೆಯೆಲ್ಲ ಅದಕ್ಕೇ ಹಾಳಾಯಿತು. ಇಂದಿನ ಕೆರೆ ಸಮಿತಿ ಸಭೆಯಲ್ಲಿ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮೊದಲ ಕೊಂಡಿ ಒತ್ತಿದರೆ ಪಿಡಿಎಫ್. ಹಳೆಯ ಗ್ರಾಮ ನಕ್ಷೆಯನ್ನು ಸೊಟ್ಟಗೆ ಸ್ಕ್ಯಾನ್ ಮಾಡಿ ಏರಿಸಿದ್ದಾರೆ. ಸರ್ವೆ ನಂಬರಿನಲ್ಲಿ ಮೂರು ಯಾವುದು, ಎಂಟು ಯಾವುದು ಎಂದು ತಿಳಿಯುವುದಿಲ್ಲ. ಅಕ್ಷಾಂಶ ರೇಖಾಂಶಗಳಿಲ್ಲದ ಈ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು ಕೆರೆಯಂಗಳಕ್ಕೆ ಹೋದರೆ, ನಿಂತ ಜಾಗ ಗಡಿಯ ಒಳಗಿದೆಯೋ ಹೊರಗಿದೆಯೋ ಹೇಳುವುದು ಹೇಗೆ?

ಎರಡನೆಯದು ಶೇಪ್‌ಫೈಲ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಇಡುವ ಒಂದು ಮಾದರಿ. ಇದು ಹೆಸರಿಗೆ ಒಂದು, ಒಳಗೆ ಕಡತಗಳ ಗುಂಪು. ಗಡಿಗೆರೆಗಳು ಎಸ್‌ಎಚ್‌ಪಿ ಕಡತದಲ್ಲಿ, ಸರ್ವೆ ನಂಬರ್ ಮತ್ತು ವಿಸ್ತೀರ್ಣ ಡಿಬಿಎಫ್‌ನಲ್ಲಿ, ಯಾವ ಮಾನಕದ (ಭೂಮಿಯ ಆಕಾರ ಹಿಡಿದು ಸ್ಥಳ ಗುರುತಿಸುವ ಲೆಕ್ಕ) ಮೇಲೆ ಅಳೆದದ್ದೆಂಬ ವಿವರ ಪಿಆರ್‌ಜೆಯಲ್ಲಿ ಇರುತ್ತವೆ. ಈ ಪಿಆರ್‌ಜೆಯನ್ನೇ ನಮ್ಮವರು ಹಾಕಿಲ್ಲ! ಹಳೆಯ ಎವರೆಸ್ಟ್ ಮಾನಕದ ನಕ್ಷೆಯನ್ನು ಮೊಬೈಲ್ ಬಳಸುವ ಡಬ್ಲ್ಯುಜಿಎಸ್ 84 ಎಂದು ತಿಳಿದು ತೆರೆದರೆ ನಮ್ಮ ಕಡೆ ಗಡಿ ನೂರಾರು ಅಡಿ ಪಕ್ಕಕ್ಕೆ ಸರಿಯುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಚೌಕ ಅಷ್ಟೇ, ಗಡಿ ಇಷ್ಟು ಸರಿದರೆ ಎಷ್ಟು ಗುಂಟೆ ಆಚೀಚೆಯಾಯಿತು? ಒತ್ತುವರಿ ಮಾಡಿದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೇ?

ಡಿಬಿಎಫ್ ತೆರೆದರೆ ಊರಿನ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. 1990ರ ದಶಕದ ಈ ಮಾದರಿಯಲ್ಲಿ ಕಾಲಮ್ಮಿನ ಹೆಸರು ಹತ್ತು ಬೈಟ್ (ಕಂಪ್ಯೂಟರ್ ಜಾಗ ಅಳೆಯುವ ಘಟಕ) ಮೀರುವಂತಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳನ್ನೂ ಇಡುವ ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಗ್ರಾಮ’ ಎಂದು ಬರೆಯುವಷ್ಟು ಜಾಗವೂ ಅಲ್ಲಿಲ್ಲ. ಕನ್ನಡ ನಾಡಿನ ಕಚೇರಿ ಇದನ್ನೇ ಹಿಡಿದು ಕುಳಿತಿರುವುದು ಯಾವ ನ್ಯಾಯ?

ಜಿಯೋಪ್ಯಾಕೇಜ್ ಎಂಬ ಹೊಸ ನಕ್ಷೆ ಮಾದರಿ 2014ರಲ್ಲೇ ಅಂತರರಾಷ್ಟ್ರೀಯ ಮಾನ್ಯತೆಯೊಂದಿಗೆ ಬಂದಿದೆ. ಗಡಿ, ವಿವರ, ಅಳತೆಯ ಮಾನಕ ಎಲ್ಲವೂ ಒಂದೇ ಕಡತದಲ್ಲಿರುತ್ತವೆ, ಕನ್ನಡವೂ ಕೆಡುವುದಿಲ್ಲ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆಯುತ್ತದೆ. ಕಂಪ್ಯೂಟರಿನ ಗೋಜಿಗೆ ಹೋಗದ ರೈತರಿಗೆ ಕೆಎಂಎಲ್ ಎಂಬ ಇನ್ನೊಂದು ಮಾದರಿಯಲ್ಲಿ ಕೊಟ್ಟರೆ ಗೂಗಲ್ ಅರ್ಥ್‌ನಲ್ಲಿ ಮೊಬೈಲಿನಲ್ಲೇ ಕಾಣುತ್ತದೆ. ಸರ್ಕಾರಿ ದತ್ತಾಂಶವನ್ನು ಯಂತ್ರ ಓದಬಲ್ಲ ಮುಕ್ತ ಮಾದರಿಯಲ್ಲಿ ಕೊಡಬೇಕೆಂದು ಕೇಂದ್ರದ ನೀತಿಯೇ 2012ರಲ್ಲಿ ಹೇಳಿದೆ. ಸ್ಕ್ಯಾನ್ ಮಾಡಿದ ಹಾಳೆಯನ್ನು ಯಾವ ಯಂತ್ರ ಓದೀತು?

ಕಚೇರಿಗೆ ಫೋನ್ ಮಾಡಿದರೆ, ‘ಅದು ತಾಂತ್ರಿಕ ವಿಭಾಗದ್ದು, ಅರ್ಜಿ ಕೊಡಿ’ ಎಂದರು. ಅರ್ಜಿಯ ಗತಿ ನಮಗೆ ಗೊತ್ತಿಲ್ಲವೇ? ಜಮೀನಿನ ಅಳತೆ ನಕ್ಷೆಯಾದ ಟಿಪ್ಪಣಿಯ ಪ್ರತಿ ಕೇಳಿದಾಗಲೂ ಇದೇ ಮಾತು. ಪಹಣಿಯಲ್ಲಿ ತಂದೆಯವರ ಹೆಸರು ತಪ್ಪಾಗಿದ್ದಾಗಲೂ ಇದೇ ಮಾತು. ಗಡಿ ಗುರುತಿಸುವ ಹದ್ದುಬಸ್ತಿಗೆ ಹಣ ಕಟ್ಟಿ ಕಾದರೆ, ಹೇಳಿದ ದಿನ ಭೂಮಾಪಕರು ಬರಲಿಲ್ಲ. ಆಮೇಲೆ ಬಂದು ನೆಟ್ಟ ಕಲ್ಲನ್ನು ಯಾರೋ ಕಿತ್ತೆಸೆದಾಗ ಕೇಳುವವರು ಇರಲಿಲ್ಲ. ಇತ್ತ ರಾಜಕಾಲುವೆಗೆ ರಾತ್ರೋರಾತ್ರಿ ಮಣ್ಣು ಸುರಿಯುವುದು ನಿಂತಿಲ್ಲ. ದಾಖಲೆ ತೋರಿಸಿ ತಡೆಯೋಣವೆಂದರೆ ದಾಖಲೆಯೇ ಉಪಯೋಗಕ್ಕೆ ಬರುವುದಿಲ್ಲ.

ಕೊಡುವುದಾದರೆ ಜಿಯೋಪ್ಯಾಕೇಜನ್ನೂ ಕೆಎಂಎಲನ್ನೂ ನೆಟ್ಟಗೆ ಕೊಡಲಿ, ಅಳತೆಯ ಮಾನಕವನ್ನು ಕನ್ನಡದಲ್ಲಿ ಬರೆಯಲಿ. ಇಲ್ಲವಾದರೆ ಆ ಕೊಂಡಿಗಳನ್ನು ಕಿತ್ತುಹಾಕಿ ಸುಮ್ಮನಿರಲಿ. ಪತ್ರಿಕಾಗೋಷ್ಠಿ ಕರೆಯುವ ಮೊದಲು ಮೇಲಧಿಕಾರಿಗಳು ತಮ್ಮದೇ ಜಾಲತಾಣವನ್ನು ತೆರೆದು ನೋಡಬಾರದೇ? ಜನರ ತೆರಿಗೆಯಲ್ಲಿ ಸಂಬಳ ಪಡೆಯುವವರಿಗೆ ಇಷ್ಟು ಉದಾಸೀನ ಸಲ್ಲದು.

– ಕೆರೆ ಸಮಿತಿಯ ಸದಸ್ಯ, ಬೆಂಗಳೂರು