ದಿಬ್ಬದ ಮೂಳೆಗಳನ್ನು ಗೊಬ್ಬರದ ಚೀಲಕ್ಕೆ ತುಂಬಿದವರು ಉತ್ತರ ಕೊಡಲಿ

ಮಾನ್ಯ ಸಂಪಾದಕರೇ,

ಹಾಳೂರು ದಿಬ್ಬದಲ್ಲಿ ಮೂಳೆ ಸಿಕ್ಕ ಬಗ್ಗೆ ಶನಿವಾರದ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಅಧಿಕಾರಿಗಳು ಸ್ಥಳ ಪರಿಶೀಲನೆ ನಡೆಸಿದ್ದು, ಹಳೆಯ ಸ್ಮಶಾನದ ಮೂಳೆಗಳೆಂದು ತಿಳಿದುಬಂದಿದೆ’ ಎಂದು ಅದರಲ್ಲಿದೆ. ಯಾರಿಗೆ ತಿಳಿಯಿತು, ಹೇಗೆ ತಿಳಿಯಿತು? ಅಂದು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಪೊಲೀಸರ ಸ್ಥಳ ಮಹಜರಿಗೆ ಪಂಚನಾಗಿ, ಅಂದರೆ ಸಾಕ್ಷಿಯಾಗಿ, ಆ ಗುಂಡಿಯ ದಡದಲ್ಲಿ ನಿಂತವನು ನಾನು. ಪರಿಶೀಲನೆ ಎಂಬುದು ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಜೆಸಿಬಿ, ಎರಡು ಸಲಿಕೆ, ಒಂದು ಖಾಲಿ ಯೂರಿಯಾ ಚೀಲ.

ಚರಂಡಿಗೆಂದು ತೋಡುವಾಗ ತಲೆಬುರುಡೆ ಕಂಡ ಕೂಡಲೇ ಜೆಸಿಬಿ ಚಾಲಕ ಯಂತ್ರ ನಿಲ್ಲಿಸಿ ಕೆಳಗಿಳಿದ. ಅವನೊಬ್ಬನಿಗೆ ಇದ್ದ ಬುದ್ಧಿ ಆಮೇಲೆ ಬಂದ ಪೊಲೀಸರಿಗೆ ಇರಲಿಲ್ಲ. ‘ಉಳಿದದ್ದನ್ನೂ ತೆಗಿ, ಬೇಗ ಮುಗಿಸೋಣ’ ಎಂದು ಅವನಿಂದಲೇ ಮತ್ತೆ ಬಕೆಟ್ ಹಾಕಿಸಿದರು. ಬುರುಡೆ ಮೂರು ಚೂರಾಯಿತು. ತೊಡೆಯ ಮೂಳೆ ನಡುವೆ ಮುರಿಯಿತು. ಬರಿಗೈಯಲ್ಲಿ ಎತ್ತಿ ಚೀಲಕ್ಕೆ ಹಾಕಿದರು. ಮೂಳೆಗಳ ಜೊತೆಗೆ ಕಪ್ಪು-ಕೆಂಪು ಬಣ್ಣದ ಮಡಕೆ ಚೂರುಗಳು ಬಂದವು. ಮುಂದಿನ ಸಲಿಕೆಗೆ ತುಕ್ಕು ಹಿಡಿದ ಬೆಲ್ಟಿನ ಕೊಂಡಿಯೊಂದು ಬಂತು. ಅದನ್ನು ನಾನು ನೋಡಿದ್ದೇನೆ, ಕೈಯಲ್ಲಿ ಹಿಡಿದೂ ಇದ್ದೇನೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕಿದ್ದು ಇದೇ ಬಗೆಯ ಕಪ್ಪು-ಕೆಂಪು ಮಡಕೆಗಳು. ಹಾಗಿದ್ದರೆ ನಮ್ಮ ದಿಬ್ಬದ್ದು ಎರಡು ಸಾವಿರ ವರ್ಷಕ್ಕೂ ಹಳೆಯ ಗೋರಿ ಇರಬಹುದು. ಬೆಲ್ಟಿನ ಕೊಂಡಿಯಾದರೋ ನಿನ್ನೆ ಮೊನ್ನೆಯದು. ಎರಡೂ ಒಂದೇ ಪದರದಲ್ಲಿದ್ದವೇ? ಹಳೆಯ ಗೋರಿಯ ಮೇಲೆ ಇತ್ತೀಚೆಗೆ ಯಾರೋ ಹೊಸ ಗುಂಡಿ ತೋಡಿ ಹೆಣ ಹೂತರೇ? ಒಮ್ಮೆ ತೋಡಿ ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿನಂತೆ ಇರುವುದಿಲ್ಲ. ಬಣ್ಣದಲ್ಲಿ, ಬಿಗಿಯಲ್ಲಿ ಬೇರೆಯಾಗಿ ಗುಂಡಿಯ ಅಂಚನ್ನು ತೋರಿಸುತ್ತದೆ. ಆ ಅಂಚು ಯಾವ ಪದರದಿಂದ ಶುರುವಾಗಿದೆ ಎಂಬುದೇ ಹೂತ ಕಾಲವನ್ನು ಹೇಳುವ ಸಾಕ್ಷಿ. ಪುರಾತತ್ವದವರು ಬಂದಿದ್ದರೂ ಅದನ್ನೇ ನೋಡುತ್ತಿದ್ದರು, ಕೊಲೆಯ ತನಿಖೆ ಮಾಡುವವರೂ ಅದನ್ನೇ ನೋಡಬೇಕು. ಜೆಸಿಬಿ ಅದನ್ನು ಇಪ್ಪತ್ತು ನಿಮಿಷದಲ್ಲಿ ಕಲಸಿ ಗುಡ್ಡೆ ಹಾಕಿತು. ಈಗ ಯಾವ ದೇವರು ಬಂದರೂ ಆ ಮಣ್ಣನ್ನು ಮೊದಲಿನಂತೆ ಜೋಡಿಸಲಾರ.

ಕೊಂಡಿಯನ್ನು ಮಹಜರಿನಲ್ಲಿ ಬರೆಯಿರಿ ಎಂದು ಕೇಳಿದೆ. ‘ಅದೆಲ್ಲ ಬೇಡ ಮೇಷ್ಟ್ರೇ, ಕೇಸು ಉದ್ದವಾಗುತ್ತದೆ’ ಎಂದರು. ಬರೆಯದೆ ಸಹಿ ಹಾಕುವುದಿಲ್ಲ ಎಂದದ್ದಕ್ಕೆ ಕಲ್ಲಿನ ಮೇಲೆ ಒಂದೂವರೆ ತಾಸು ಕೂರಿಸಿದರು. ನನ್ನ ಹೆಂಡತಿಗೆ ಅಂದೇ ಮಧ್ಯಾಹ್ನ ಪೇಟೆಯ ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆಗೆ ದಿನ ಕೊಟ್ಟಿದ್ದರು, ಅದು ತಪ್ಪಿತು. ಈಗ ಮುಂದಿನ ತಿಂಗಳು ಬನ್ನಿ ಎನ್ನುತ್ತಿದ್ದಾರೆ. ಆಮೇಲೂ ಎರಡು ಸಲ ಠಾಣೆಗೆ ಕರೆಸಿಕೊಂಡು, ಸಾಹೇಬರಿಲ್ಲ ಎಂದು ವಾಪಸು ಕಳಿಸಿದ್ದಾರೆ. ಜೆಸಿಬಿ ಅದೇ ಗಡಿಬಿಡಿಯಲ್ಲಿ ಕುಡಿಯುವ ನೀರಿನ ಪೈಪನ್ನೂ ಕಿತ್ತುಹಾಕಿದೆ. ಗುರುವಾರದಿಂದ ನಮ್ಮ ಬೀದಿಯ ನಲ್ಲಿಗಳಲ್ಲಿ ನೀರಿಲ್ಲ. ದಾರಿಗೆ ಹಗ್ಗ ಕಟ್ಟಿರುವುದರಿಂದ ಶಾಲೆಯ ಮಕ್ಕಳು ಕೆರೆ ಏರಿ ಸುತ್ತಿ ನಡೆದು ಹೋಗುತ್ತಿದ್ದಾರೆ. ಕಾಯಬೇಕಾದಾಗ ಕಟ್ಟದ ಹಗ್ಗವನ್ನು ಕಾಯಲು ಏನೂ ಉಳಿಯದ ಮೇಲೆ ಕಟ್ಟಿದ್ದಾರೆ!

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ ಇದೆ. ಹನ್ನೊಂದು ವರ್ಷದ ಹಿಂದೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನಮ್ಮ ಊರಿನಲ್ಲಿದ್ದಾರೆ. ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲ, ದೂರು ಹಾಗೇ ಇದೆ. ಸುದ್ದಿ ಕೇಳಿ ಅವರು ಓಡಿ ಬಂದರು. ‘ಹಳೇ ಕಾಲದ ಮೂಳೆ ಕಣಮ್ಮ, ಮನೆಗೆ ಹೋಗು’ ಎಂದು ಅವರನ್ನು ಗದರಿ ಕಳಿಸಿದರು. ಕೊಂಡಿಯನ್ನಾದರೂ ತೋರಿಸಿ ಎಂದು ನಾನು ಬೇಡಿಕೊಂಡೆ, ತೋರಿಸಲಿಲ್ಲ. ಹಲ್ಲಿನಿಂದ ಡಿಎನ್‌ಎ ತೆಗೆದು ಆ ತಾಯಿಯ ರಕ್ತದ ಜೊತೆ ಹೋಲಿಸಿ ನೋಡುವ ವಿದ್ಯೆ ಇರುವ ಕಾಲ ಇದು. ಹೌದು ಅಥವಾ ಅಲ್ಲ ಎಂಬ ಒಂದು ಮಾತಿಗೆ ಅವರಿಗೆ ಹಕ್ಕಿಲ್ಲವೇ? ತೇವ ಆರದ ಮೂಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿದು ಡಿಎನ್‌ಎ ಕೆಡುತ್ತದೆ, ಕಾಗದದಲ್ಲಿ ಸುತ್ತಿಡಿ ಎಂದು ಹೇಳಿದವನಿಗೆ ‘ನೀವು ಪಾಠ ಮಾಡಬೇಡಿ’ ಎಂಬ ಉತ್ತರ ಸಿಕ್ಕಿತು. ಚೀಲದ ಬಾಯಿಗೆ ಅರಗಿನ ಮೊಹರು ಕೂಡ ಇರಲಿಲ್ಲ. ಸುತ್ತಿದ್ದು ಸೆಣಬಿನ ದಾರ.

ಕಣ್ಣಳತೆಯಲ್ಲಿ ಮೂಳೆಯ ವಯಸ್ಸು ಹೇಳುವವರು ಒಂದು ಪ್ರಕರಣ ಕೇಳಲಿ. 1983ರಲ್ಲಿ ಇಂಗ್ಲೆಂಡಿನ ಲಿಂಡೋ ಎಂಬಲ್ಲಿ ಜೌಗು ನೆಲ ಅಗೆಯುವಾಗ ಬುರುಡೆ ಸಿಕ್ಕಿತು. ಅದು ತಾನು ಕೊಂದ ಹೆಂಡತಿಯದೇ ಎಂದು ನಂಬಿ ಒಬ್ಬ ತಪ್ಪೊಪ್ಪಿಕೊಂಡ. ಪರೀಕ್ಷಿಸಿದರೆ ಆ ಬುರುಡೆ ಸುಮಾರು 1,700 ವರ್ಷ ಹಳೆಯದು! ಪೊಲೀಸರಿಗೂ ಕೊಂದವನಿಗೂ ಬರಿಗಣ್ಣಿಗೆ ತಿಳಿಯದ್ದು ನಮ್ಮವರಿಗೆ ಬೊಲೆರೋದಿಂದ ಇಳಿಯುವ ಮೊದಲೇ ತಿಳಿದುಬಿಟ್ಟಿತು.

ಅಷ್ಟು ದೂರವೂ ಬೇಡ. ಪಂಜಾಬಿನ ಅಜ್ನಾಲಾದ ಬಾವಿಯನ್ನು 2014ರಲ್ಲಿ ಊರವರೇ ತೋಡಿ ರಾಶಿ ರಾಶಿ ಮೂಳೆ ಹೊರತೆಗೆದರು. ತಜ್ಞರಿಲ್ಲದೆ ತೋಡಿದ್ದರಿಂದ ಎಷ್ಟೋ ಬುರುಡೆಗಳು ಒಡೆದವು, ಪದರಗಳು ಕಲಸಿಹೋದವು. ಅವು 1857ರ ಬಂಡಾಯದ ಸಿಪಾಯಿಗಳದ್ದೋ, ದೇಶವಿಭಜನೆಯಲ್ಲಿ ಸತ್ತವರದ್ದೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಸೇರಿದಂತೆ ಹಲವು ಸಂಸ್ಥೆಗಳ ವಿಜ್ಞಾನಿಗಳು ಹಲ್ಲುಗಳ ಡಿಎನ್‌ಎ ಮತ್ತು ಐಸೊಟೋಪು (ಕುಡಿದ ನೀರು, ತಿಂದ ಅನ್ನ ಹಲ್ಲಿನಲ್ಲಿ ಉಳಿಸಿದ ಗುರುತು) ಪರೀಕ್ಷಿಸಿ, ಅವರು ಗಂಗಾ ಬಯಲಿನವರು, ಅಂದರೆ ಆ ಸಿಪಾಯಿಗಳೇ ಎಂದು 2022ರಲ್ಲಿ ತೋರಿಸಿಕೊಟ್ಟರು. ಅದೂ ಹಲ್ಲುಗಳು ಉಳಿದಿದ್ದಕ್ಕೆ. ನಮ್ಮ ದಿಬ್ಬದ ಹಲ್ಲುಗಳಲ್ಲಿ ನಾಲ್ಕನ್ನು ಮರುದಿನ ಮಕ್ಕಳು ಮಣ್ಣಿನ ಗುಡ್ಡೆಯಿಂದ ಆರಿಸಿ ತಂದರು. ಅವನ್ನು ಕಾಗದದಲ್ಲಿ ಸುತ್ತಿ ನನ್ನ ಮನೆಯಲ್ಲಿ ಇಟ್ಟಿದ್ದೇನೆ. ಯಾರಿಗೆ ಒಪ್ಪಿಸಲಿ? ಠಾಣೆಯವರು ತೆಗೆದುಕೊಳ್ಳಲು ಒಪ್ಪುತ್ತಿಲ್ಲ.

ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದನ್ನು ಅಳವಡಿಸಿಕೊಳ್ಳಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದೆಯಂತೆ. ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆಯಲು, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಲು ಐದು ವರ್ಷ ಬೇಕೇ?

ಇವರ ಸ್ವಭಾವ ನನಗೆ ಹೊಸದಲ್ಲ. ಬೀದಿಯ ಚರಂಡಿಗೆ ಹಾಸಿದ್ದ ವೀರಗಲ್ಲನ್ನು ಎತ್ತಿಸಿ ಎಂದು ಹದಿನಾಲ್ಕು ವರ್ಷದ ಹಿಂದೆ ಅರ್ಜಿ ಕೊಟ್ಟೆ. ಸ್ವೀಕೃತಿ ಚೀಟಿ ಇನ್ನೂ ಇದೆ, ಅದರ ಮೇಲಿನ ಅಕ್ಷರ ಮಾಸಿದೆ. ನಿಧಿಗಳ್ಳರು ಬಸವಣ್ಣನ ಗುಡಿಯ ಗರ್ಭಗುಡಿ ಅಗೆದಾಗಲೂ ಬಂದು ನೋಡಿ, ಚಹಾ ಕುಡಿದು ಹೋದರು. ಮೈಸೂರು ಸಂಸ್ಥಾನದ ಶಾಸನತಜ್ಞ ಬಿ. ಎಲ್. ರೈಸ್ ಅವರ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಊರೂರು ಅಲೆದು ಸಾವಿರಾರು ಶಾಸನ ಓದಿ ಹನ್ನೆರಡು ಸಂಪುಟ ಹೊರತಂದ ಪುರಾತತ್ವ ಇಲಾಖೆಯ ವಾರಸುದಾರರು, ತಾಲ್ಲೂಕು ಕೇಂದ್ರದಿಂದ ಹದಿನೆಂಟು ಕಿಲೋಮೀಟರು ಬರಲು ವಾಹನವಿಲ್ಲ ಎನ್ನುತ್ತಾರೆ. ಮೊನ್ನೆಯೂ ಫೋನು ಮಾಡಿದೆ. ‘ಪತ್ರ ಮುಖೇನ ಬರಲಿ’ ಎಂದರು.

ಆ ಚೀಲವನ್ನು ಇಂದೇ ಪ್ರಯೋಗಾಲಯಕ್ಕೆ ಕಳಿಸಬೇಕು. ಪುರಾತತ್ವ ಇಲಾಖೆಯವರೂ ಬರಬೇಕು, ತಪ್ಪು ಮಾಡಿದವರ ಮೇಲೆ ಕ್ರಮವೂ ಆಗಬೇಕು. ನೀರಿನ ಪೈಪು ಸರಿಯಾಗಬೇಕು. ವೀರಗಲ್ಲನ್ನೂ ಈ ಸಲ ಎತ್ತಿಸಬೇಕು. ಯಾರು ಮಾಡುತ್ತಾರೋ ನನಗೆ ಗೊತ್ತಿಲ್ಲ; ಸಂಬಳ ತೆಗೆದುಕೊಳ್ಳುವವರಲ್ಲಿ ಯಾರಾದರೂ ಒಬ್ಬರು ಮಾಡಲಿ. ನಾಚಿಕೆಯಾಗಬೇಕು ಇವರಿಗೆ. ಆ ತಾಯಿ ಇವತ್ತು ಬೆಳಿಗ್ಗೆಯೂ ಹಗ್ಗದ ಆಚೆ ನಿಂತಿದ್ದರು.

– ನಿವೃತ್ತ ಶಿಕ್ಷಕ, ಹಾಳೂರು ದಿಬ್ಬದ ಬೀದಿ