5 ಕಿಲೋವ್ಯಾಟ್ ಹೀಟರ್‌ಗೆ 20 ಆಂಪಿಯರ್ ಸ್ವಿಚ್: ಅಳವಡಿಕೆ ದೋಷದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಅಳವಡಿಕೆ ಮತ್ತು ಸೇವಾ ವಿಭಾಗ

ವಿಷಯ: ಹೀಟರಿನ ಡಿಪಿ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಎರಡು ಪೋಲ್‌ನ ಸ್ವಿಚ್) ಸುಟ್ಟಿರುವುದು ಮತ್ತು ನೀವು ಸೂಚಿಸಿದ ಬದಲಿ ಸ್ವಿಚ್‌ಗೆ ನಮ್ಮ ಆಕ್ಷೇಪ

ಮಾನ್ಯರೇ,

ನಿಮ್ಮ ಸಿಬ್ಬಂದಿ ಅಳವಡಿಸಿದ 5 ಕಿಲೋವ್ಯಾಟ್, 230 ವೋಲ್ಟ್ ಫ್ಯಾನ್ ಹೀಟರಿನ ಸ್ವಿಚ್‌ನಲ್ಲಿ ಫೇಸ್ ಟರ್ಮಿನಲ್ ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿದೆ. ಅಲ್ಲಿಗೆ ಬರುವ ವೈರಿನ ಇನ್ಸುಲೇಷನ್ ಗಡುಸಾಗಿ ಬಿರುಕು ಬಿಟ್ಟಿದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಬ್ರೇಕರ್) ಇಳಿಸಿ ಹೀಟರ್ ಬಳಕೆ ನಿಲ್ಲಿಸಲಾಗಿದೆ. ನಮ್ಮ ಮೊದಲ ದೂರಿಗೆ ನೀವು ಕೊಟ್ಟ ಉತ್ತರ ಇಷ್ಟೇ: ಎಂಸಿಬಿ ಟ್ರಿಪ್ ಆಗಿಲ್ಲ, ಆದ್ದರಿಂದ ಓವರ್‌ಲೋಡ್ ಇರಲಿಲ್ಲ, ಅದೇ ಮಾದರಿಯ ಹೊಸ ಸ್ವಿಚ್ ಹಾಕಿಕೊಡುತ್ತೇವೆ, ಬೇಕಿದ್ದರೆ ಹೆಚ್ಚುವರಿ ಹಣಕ್ಕೆ 32 ಆಂಪಿಯರಿನದು ಕೊಡುತ್ತೇವೆ. ಇದರಲ್ಲಿ ಒಂದು ಮಾತೂ ಸರಿಯಿಲ್ಲ.

5000 ವ್ಯಾಟನ್ನು 230ರಿಂದ ಭಾಗಿಸಿದರೆ 21.7 ಆಂಪಿಯರ್. ನೀವು ಹಾಕಿರುವುದು 20ರ ಸ್ವಿಚ್. ಹೀಟರಿನ ಎಲಿಮೆಂಟ್ ಸುಮಾರು 10.6 ಓಮ್‌ನ ರೋಧ. ವೋಲ್ಟೇಜ್ ಏರಿದಂತೆ ಕರೆಂಟೂ ಏರುತ್ತದೆ, 240 ವೋಲ್ಟಿನಲ್ಲಿ 22.7 ಆಂಪಿಯರ್ ಮುಟ್ಟುತ್ತದೆ. ಎರಡು-ಮೂರು ಆಂಪಿಯರ್ ತಾನೇ ಎನ್ನಬೇಡಿ. ಸ್ವಿಚ್‌ನೊಳಗಿನ ಕಾಂಟ್ಯಾಕ್ಟ್ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ, ಅಂದರೆ ಕರೆಂಟನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ, ಅನುಗುಣವಾಗಿ. 20ರ ಜಾಗದಲ್ಲಿ 22.7 ಹರಿದರೆ ಶಾಖ ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ. ಅದೂ ಮಿಕ್ಸಿಯಂತೆ ಐದು ನಿಮಿಷವಲ್ಲ, ಗಂಟೆಗಟ್ಟಲೆ.

ಇನ್ನು ಎಂಸಿಬಿ. ಅದು 32 ಆಂಪಿಯರಿನದು, ರಕ್ಷಿಸುವುದು 6 ಚದರ ಮಿ.ಮೀ. ವೈರನ್ನು. 36 ಆಂಪಿಯರ್ ಹರಿದರೂ ಒಂದು ಗಂಟೆಯೊಳಗೆ ಅದು ಟ್ರಿಪ್ ಆಗಬಾರದೆಂದೇ ಅದರ ವಿನ್ಯಾಸ. ಹಾಗಿರುವಾಗ 22 ಆಂಪಿಯರಿಗೆ ಅದು ಬೀಳುವುದೆಂತು? ಎಂಸಿಬಿ ಸುಮ್ಮನಿದ್ದುದು ಸ್ವಿಚ್ ಸುರಕ್ಷಿತವಾಗಿತ್ತು ಎನ್ನಲು ಸಾಕ್ಷಿಯಲ್ಲ. ಸ್ವಿಚ್ ಅದರ ಕಣ್ಣಿಗೇ ಬಿದ್ದಿಲ್ಲ.

ಟರ್ಮಿನಲ್ ಬಿಚ್ಚಿದಾಗ ಇನ್ನೊಂದು ತಪ್ಪು ಸಿಕ್ಕಿತು. ಎಳೆವೈರಿನ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಅಡಿ ಒತ್ತಲಾಗಿದೆ. ಬೆಸುಗೆಯ ಲೋಹ ಮೆದು. ಒತ್ತಡಕ್ಕೆ ನಿಧಾನವಾಗಿ ಹರಡಿ ಸ್ಕ್ರೂ ಸಡಿಲಾಗುತ್ತದೆ. ಆ ಜಾಗದಲ್ಲಿ 0.05 ಓಮ್ ರೋಧ ಹುಟ್ಟಿದರೂ 22 ಆಂಪಿಯರಿಗೆ 24 ವ್ಯಾಟ್ ಶಾಖ. ಚಿಕ್ಕ ಸೋಲ್ಡರಿಂಗ್ ಐರನ್ ಒಂದನ್ನು ಸ್ವಿಚ್ ಬಾಕ್ಸಿನೊಳಗೆ ಉರಿಸಿಟ್ಟಂತೆ. ಸಾಲದ್ದಕ್ಕೆ ಬಾಕ್ಸನ್ನು ಹೀಟರಿನ ನೆತ್ತಿಯ ಮೇಲೇ ಕೂರಿಸಿದ್ದೀರಿ.

ನೀವು ಸೂಚಿಸಿದ 32 ಆಂಪಿಯರ್ ಸ್ವಿಚ್‌ನ ವಿವರಪಟ್ಟಿಯನ್ನೂ ನೋಡಿದೆವು. ದೊಡ್ಡ ಅಕ್ಷರದ 32 ಅದರ ಉಷ್ಣ ಕರೆಂಟ್, ಅಂದರೆ ಮುಚ್ಚಿದ ಕಾಂಟ್ಯಾಕ್ಟ್ ಹೊರಬಲ್ಲ ಮಿತಿ. ಕೆಳಗೆ ಸಣ್ಣದಾಗಿ ಎಸಿ-22ಎ ಎಂಬ ಬಳಕೆಯ ವರ್ಗದಲ್ಲಿ 20 ಆಂಪಿಯರ್ ಎಂದಿದೆ. ಲೋಡ್ ಇರುವಾಗ ಆನ್-ಆಫ್ ಮಾಡಲು ಲೆಕ್ಕಕ್ಕೆ ಬರುವುದು ಈ ಎರಡನೆಯ ಅಂಕಿ. ಬರೀ ಎಲಿಮೆಂಟ್ ಆಗಿದ್ದರೆ ಎಸಿ-21 ಸಾಕಿತ್ತು. ಫ್ಯಾನ್ ಮೋಟಾರೂ ಇರುವುದರಿಂದ ಎಸಿ-22 ನೋಡಬೇಕು. ಎಸಿ-20 ಎಂದು ಮಾತ್ರ ಬರೆದಿರುವುದನ್ನಂತೂ ತರಬೇಡಿ, ಅದು ಲೋಡ್ ಇಲ್ಲದಾಗ ತಿರುಗಿಸುವ ಸ್ವಿಚ್.

ಗಂಟೆಗಟ್ಟಲೆ ಹರಿಯುವ ಕರೆಂಟಿಗೆ ಕಾಲು ಭಾಗ ಸೇರಿಸಿ ಲೆಕ್ಕ ಹಾಕುವುದು ರೂಢಿ: 21.7ಕ್ಕೆ 27.2. ಮುಂದಿನ ಅಳತೆ 32. ಆದ್ದರಿಂದ ನಮಗೆ ಬೇಕಿರುವುದು ಎಸಿ-22ಎ ವರ್ಗದಲ್ಲೇ 32 ಆಂಪಿಯರ್ ಇರುವ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ, ಪ್ರತಿ ಪೋಲ್‌ನಲ್ಲೂ ಕನಿಷ್ಠ 3 ಮಿ.ಮೀ. ಕಾಂಟ್ಯಾಕ್ಟ್ ಅಂತರವಿರುವ ಐಸೊಲೇಟರ್. ಸುಟ್ಟ ವೈರನ್ನು ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, ಬೆಸುಗೆ ಬಿಟ್ಟು ಕ್ರಿಂಪ್ ಮಾಡಿದ (ಒತ್ತಿ ಕೂಡಿಸಿದ) ಫೆರೂಲ್, ಅಂದರೆ ವೈರಿನ ತುದಿಯ ಲೋಹದ ಕೊಳವೆ ಹಾಕಿ, ತಯಾರಕರು ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಬೇಕು. ಬಾಕ್ಸ್ ಬಿಸಿಗಾಳಿ ತಾಗದ ಪಕ್ಕದ ಗೋಡೆಗೆ ಬರಲಿ.

ಇದು ಅಳವಡಿಕೆಯ ದೋಷವಾದ್ದರಿಂದ ಹೆಚ್ಚುವರಿ ಹಣ ಕೊಡುವುದಿಲ್ಲ. 7 ದಿನಗಳೊಳಗೆ ಕೆಲಸ ಮುಗಿಸಿ, ಹಾಕುವ ಸ್ವಿಚ್‌ನ ವಿವರಪಟ್ಟಿಯನ್ನು ಮೊದಲೇ ಕಳುಹಿಸಿ. ಸುಟ್ಟ ಸ್ವಿಚ್ ನಮ್ಮ ಬಳಿಯೇ ಇರುತ್ತದೆ.

ಇಂತಿ,
ಕಟ್ಟಡದ ವಿದ್ಯುತ್ ನಿರ್ವಹಣಾ ವಿಭಾಗ